ಸೇವ್ ಆಗದ ತಿದ್ದುಪಡಿಗಳು

ಕೆದಂಬಾಡಿಯ ರುಕಿಯಾಳ ಮನೆಗೆ ಮದುವೆ ಕಾಗದ ಕೊಡಲು ಹೋಗುವವರು ಸ್ವಲ್ಪ ಅಂಜಿಕೊಂಡೇ ಹೋಗುತ್ತಾರೆ. ಹೋದವರಿಗೆ ಚಾ ಬರುತ್ತದೆ, ಬಿಸ್ಕತ್ತು ಬರುತ್ತದೆ, ಮನೆಮಂದಿಯನ್ನೆಲ್ಲ ಹೆಸರು ಹಿಡಿದು ವಿಚಾರಿಸುವುದೂ ಆಗುತ್ತದೆ. ಆದರೆ ಅಷ್ಟರೊಳಗೆ ಅವಳ ಕಣ್ಣು ಕಾಗದದ ಮೇಲೆ ಒಂದು ಸುತ್ತು ಹೋಗಿ ಬಂದಿರುತ್ತದೆ. ಬಂದವರು ಏಳುವ ಹೊತ್ತಿಗೆ ಅವಳು ಬಹಳ ಮೆತ್ತಗೆ, ಸುಖಾಗಮನದ ಸುಖಕ್ಕೆ ಮಹಾಪ್ರಾಣ ಬೇಕಿತ್ತು, ಪರವಾಗಿಲ್ಲ, ಬರುವವರು ಹೇಗಿದ್ದರೂ ಬರುತ್ತಾರೆ ಎಂದು ಹೇಳಿ ಕಳುಹಿಸುತ್ತಾಳೆ. ಮದುವೆ ಹುಡುಗಿಯ ತಂದೆ ಆಮೇಲೆ ಉಳಿದ ಮನೆಗಳಿಗೆಲ್ಲ ಆ ಒಂದು ಅಕ್ಷರವನ್ನು ಹೆಬ್ಬೆರಳಲ್ಲಿ ಮುಚ್ಚಿಕೊಂಡೇ ಕಾಗದ ಕೊಡಬೇಕು.

ಅವಳ ಗಂಡ ಶುಕೂರ್ ಸೌದಿಯ ದಮ್ಮಾಮಿನ ಒಂದು ಬೂಫಿಯಾದಲ್ಲಿ, ಎಂದರೆ ಅಲ್ಲಿಯ ಚಾದಂಗಡಿಯಲ್ಲಿ, ಚಾ, ಸ್ಯಾಂಡ್‌ವಿಚ್ ಮಾಡಿಕೊಂಡು ಬಹಳ ವರ್ಷ ಇದ್ದವನು. ಆ ಕಾಲದಲ್ಲಿ ಅವನು ಊರಿಗೆ ಬರೆದ ಕಾಗದಗಳಿಗೆ ರುಕಿಯಾ ಉತ್ತರ ಬರೆಯುತ್ತಿದ್ದಳು. ಮಕ್ಕಳ ಜ್ವರ, ಬಾವಿಯ ನೀರು, ಅತ್ತೆಯ ಕಾಲುನೋವು ಎಲ್ಲ ಬರೆದಾದ ಮೇಲೆ ಕೊನೆಗೆ ಒಂದು ಸಾಲು ಇರುತ್ತಿತ್ತು: ‘ನೆನಪು, ಒಂದೇ ಪ. ಹೋದ ಕಾಗದದಲ್ಲೂ ಎರಡು ಪ ಬರೆದಿದ್ದೀರಿ.’ ಮರುಭೂಮಿಯಲ್ಲಿ ಕೂತು ಹೆಂಡತಿಯ ನೆನಪು ಬಂದಾಗಲೆಲ್ಲ ಪಕಾರ ಎಣಿಸಬೇಕಾಗಿತ್ತು ಎಂದು ಶುಕೂರ್ ಈಗಲೂ ನೆಂಟರ ಮುಂದೆ ಹೇಳಿ ನಗಿಸುತ್ತಾನೆ. ರುಕಿಯಾ ನಗುವುದಿಲ್ಲ. ತಪ್ಪು ತಪ್ಪೇ.

ಈ ಹಟ ಅವಳಿಗೆ ಬಂದದ್ದು ಶಾಲೆಯಲ್ಲಿ. ಮನೆಯಲ್ಲಿ ಬ್ಯಾರಿ ಭಾಷೆ, ಅಂಗಡಿಯಲ್ಲಿ ತುಳು, ಕನ್ನಡ ಎಂದರೆ ಶಾಲೆಯ ಗೇಟು ದಾಟಿದ ಮೇಲೆ ಸಿಗುವ ವಸ್ತು. ಸಾಕುಪ್ರಾಣಿಯ ಬಗ್ಗೆ ಪ್ರಬಂಧ ಬರೆಯಲು ಹೇಳಿದಾಗ ಅವಳು ಬಹಳ ಚಂದದ ಅಕ್ಷರದಲ್ಲಿ, ನಮ್ಮ ಮನೆಯಲ್ಲಿ ಧನ ಉಂಟು, ಧನವು ಹುಲ್ಲು ತಿನ್ನುತ್ತದೆ ಎಂದು ಬರೆದಿದ್ದಳು. ಮಾಸ್ಟ್ರು ಕೆಟ್ಟವರಲ್ಲ. ಆದರೂ ಅದನ್ನು ತರಗತಿಗೆ ಓದಿ ಹೇಳಿ, ಹುಲ್ಲು ತಿನ್ನುವ ಧನವನ್ನು ಬ್ಯಾಂಕಿನವರು ಒಪ್ಪುತ್ತಾರೋ ಇಲ್ಲವೋ ಕೇಳಬೇಕು ಎಂದರು. ಬೆಂಚು ಬೆಂಚೇ ನಕ್ಕಿತು. ಹೊಟ್ಟೆ ಸೀಳಿದ ಧ ಯಾವುದು, ಸೀಳದ ದ ಯಾವುದು ಎಂದು ರುಕಿಯಾ ಅವತ್ತು ಸಂಜೆಯೇ ಕಲಿತಳು. ಮುಂದೆ ಶಾಲೆಯ ಗ್ರಂಥಾಲಯದ ನಿಘಂಟು ಅವಳ ಮನೆಯಲ್ಲೇ ಹೆಚ್ಚು ಇರುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಶಾಲೆಗೇ ಹೆಚ್ಚು ಅಂಕ ಅವಳಿಗೆ ಬಂತು. ಮರುವರ್ಷ ಮದುವೆಯೂ ಆಯಿತು.

ಜಾಲ್ಸೂರಿನಲ್ಲಿರುವ ಅವಳ ಅಣ್ಣ ರವೂಫ್ ತನ್ನ ಮಗಳ ಮದುವೆಯ ಕಾಗದ ಮಾಡಿಸಲು ಸುಳ್ಯದ ಒಂದು ಪ್ರೆಸ್ಸಿಗೆ ಹೋದಾಗ ತಂಗಿಯನ್ನೂ ಕರೆದುಕೊಂಡು ಹೋಗಿದ್ದ. ಪ್ರೆಸ್ಸಿನ ಲತೀಶ್ ಆಗ ಇನ್ನೂ ಹೊಸಬ. ಅವನು ಮಾದರಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ರುಕಿಯಾ ಮೇಜಿನ ಮೇಲಿದ್ದ ಬೇರೆ ಯಾರದೋ ಗೃಹಪ್ರವೇಶದ ಕರಡನ್ನು ಪೆನ್ನು ಹಿಡಿದು ತಿದ್ದಿ ಇಟ್ಟಿದ್ದಳು. ಲತೀಶ್ ಮೊದಲು ಗಾಬರಿಯಾದ, ಆಮೇಲೆ ಓದಿದ, ಆಮೇಲೆ ರವೂಫನ ಹತ್ತಿರ ನಿಮ್ಮ ತಂಗಿ ಮನೆಯಲ್ಲಿ ಕೂತು ಕರಡು ನೋಡಿಕೊಡುತ್ತಾರಾ ಎಂದು ಕೇಳಿದ. ಅಂದಿನಿಂದ ಸುಳ್ಯದ ಕಾಗದದ ಕಟ್ಟುಗಳು ಬಸ್ಸಿನಲ್ಲಿ ಕೆದಂಬಾಡಿಗೆ ಹತ್ತಿರದ ಕುಂಬ್ರಕ್ಕೆ ಬಂದು, ಕೆಂಪು ಗೀಟು ಹಾಕಿಸಿಕೊಂಡು ವಾಪಸು ಬಸ್ಸಿಗೆ ಸುಳ್ಯಕ್ಕೆ ಹೋಗತೊಡಗಿದವು. ಶಾಲಾ ವಾರ್ಷಿಕ ಸಂಚಿಕೆ, ಸಹಕಾರಿ ಸಂಘದ ವರದಿ, ಹಾಡಿನ ಪುಸ್ತಕ, ಬ್ಯಾರಿಗಳ ಮದುವೆ, ಗೌಡರ ಮದುವೆ, ಎಲ್ಲ ಅವಳ ಕಣ್ಣಿನಡಿಯಿಂದಲೇ ದಾಟಿ ಹೋಗಬೇಕು.

ಕೊರೊನಾ ಬಂದು ಬಸ್ಸು ನಿಂತಾಗ ಈ ಕೆಲಸವೂ ನಿಂತೀತು ಎಂದುಕೊಂಡಿದ್ದಳು. ಆಗ ಕಡಬದಲ್ಲಿರುವ ಮಗಳು ಫೌಝಿಯಾ ತನ್ನ ಹಳೆಯ ಲ್ಯಾಪ್‌ಟಾಪನ್ನು ಅಮ್ಮನಿಗೆ ಕೊಟ್ಟಳು. ಪಿಡಿಎಫ್ ತೆರೆಯುವುದು ಹೇಗೆ, ಶಬ್ದದ ಮೇಲೆ ಕೆಂಪು ಗೀಟು ಎಳೆಯುವುದು ಹೇಗೆ, ಪಕ್ಕದ ಚೌಕದಲ್ಲಿ ಸರಿರೂಪ ಬರೆಯುವುದು ಹೇಗೆ ಎಂದು ತೋರಿಸಿಕೊಟ್ಟಳು. ಅಳಿಯ ಸಫೀರ್ ವೈರಸ್ ಬಾರದ ಹಾಗೆ ಅದಕ್ಕೆ ಏನೇನೋ ಬಂದೋಬಸ್ತು ಮಾಡಿಕೊಟ್ಟ. ಕಾಗದದ ಮೇಲೆ ಪೆನ್ನು ಗೀರುವ ಸುಖ ಇದರಲ್ಲಿ ಇಲ್ಲ ಎಂದು ರುಕಿಯಾ ಸ್ವಲ್ಪ ದಿನ ಗೊಣಗಿದಳು. ಮತ್ತೆ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿ ಓದಬಹುದು ಎಂದು ತಿಳಿದ ದಿನದಿಂದ ಗೊಣಗುವುದು ಬಿಟ್ಟಳು. ಅವಳಿಗೆ ಐವತ್ತು ದಾಟಿತ್ತು. ಕನ್ನಡಕದ ನಂಬರೂ ಏರುತ್ತಿತ್ತು.

ಹೀಗಿರುವಾಗ ಕಳೆದ ಮಳೆಗಾಲ ಮುಗಿದ ಮೇಲೆ ಲತೀಶ್ ವಾಟ್ಸಾಪಿನಲ್ಲಿ ಒಂದು ಪುಸ್ತಕ ಕಳುಹಿಸಿದ. ಕೊಲ್ಲಮೊಗ್ರಿನ ದೇರಣ್ಣ ಗೌಡ ಎಂಬವರು ತಮ್ಮ ಚಿಕ್ಕಮ್ಮ ದುಗ್ಗಮ್ಮ ಹೇಳುವ ಅಜ್ಜಿಕತೆಗಳನ್ನು ಒಟ್ಟುಮಾಡಿದ್ದು. ಆದಿತ್ಯವಾರ ಬಿಡುಗಡೆ, ಅಕ್ಷರ ಮಾತ್ರ ಒಮ್ಮೆ ನೋಡಿ ಕೊಡಿ ಅಕ್ಕ ಎಂದು ಅವನು ಹೇಳಿದ್ದು ಅಷ್ಟೇ. ಇದು ಎಂಥ ಪುಸ್ತಕ ಎಂದು ತಿಳಿಸುವ ಮುನ್ನುಡಿ ಇನ್ನೂ ಬಂದಿರಲಿಲ್ಲ.

ದೇರಣ್ಣ ಗೌಡರು ಸುಬ್ರಹ್ಮಣ್ಯದಿಂದ ಕೊಲ್ಲಮೊಗ್ರಿಗೆ ಬಹಳ ಕಾಲ ಬಾಡಿಗೆ ಜೀಪು ಓಡಿಸಿದವರು. ಕತೆಗಳನ್ನು ಅವರು ಮೊಬೈಲಿನಲ್ಲಿ ಒಂದೇ ಹೆಬ್ಬೆರಳಲ್ಲಿ ಒತ್ತಿ ಬರೆದಿದ್ದರಂತೆ. ಅದು ಕಾಣುತ್ತಲೂ ಇತ್ತು. ಲಕಾರ ಇರಬೇಕಾದಲ್ಲಿ ಳಕಾರ, ಒಂದು ಕತೆಯಲ್ಲಿ ಹುಲಿ ಇದ್ದದ್ದು ಮುಂದಿನ ಸಾಲಿಗೆ ಹುಳಿ. ಕತೆ ಹೇಳುವುದು ಹೆಚ್ಚಾಗಿ ಪುಸ್ತಕದ ಕನ್ನಡದಲ್ಲೇ. ಆದರೆ ಕತೆಯೊಳಗಿನವರು ಬಾಯಿ ತೆರೆದರೆ ಮಾತು ಬೇರೆ ಆಗುತ್ತಿತ್ತು. ಉಂಟು ಎನ್ನುವಲ್ಲಿ ಉಟ್ಟು, ಹೋಗಲಿಕ್ಕೆ ಎನ್ನುವಲ್ಲಿ ಹೋಕೆ. ಸುಳ್ಯದ ಕಡೆಯ ಗೌಡರು ಮನೆಯಲ್ಲಿ ಅರೆಭಾಷೆ ಮಾತಾಡುತ್ತಾರೆ ಎಂಬುದು ರುಕಿಯಾಳಿಗೆ ಗೊತ್ತಿಲ್ಲದ್ದಲ್ಲ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಕಿವಿಗೆ ಬಿದ್ದದ್ದೇ. ಆದರೆ ಮಾತು ಬೇರೆ, ಪುಸ್ತಕ ಬೇರೆ. ತಾನೂ ಮನೆಯಲ್ಲಿ ಬ್ಯಾರಿ ಮಾತಾಡುವವಳೇ, ಹಾಗೆಂದು ಅದನ್ನು ಬರೆದು ಅಚ್ಚು ಹಾಕಿಸಲು ಹೋಗುತ್ತಾಳೆಯೇ? ಪಾಪ, ಹಿರಿಯರು, ಸರಿಮಾಡಿ ಕೊಡುವ ಎಂದು ಅವಳು ತುಂಬ ಪ್ರೀತಿಯಿಂದಲೇ ಗೀಟು ಹಾಕುತ್ತ ಹೋದಳು. ಅವಳಿಗೆ ಗೊತ್ತೇ ಇಲ್ಲದ ಒಂದೆರಡು ಶಬ್ದಗಳೂ ಸಿಕ್ಕಿದವು. ಒಂದು ಕತೆಯ ತುಂಬ ‘ಗೂಡೆ’ ಎಂದಿತ್ತು. ನಿಘಂಟಿನಲ್ಲಿ ಹುಡುಕಿದರೆ ಬುಟ್ಟಿ ಎಂದು ಅರ್ಥ. ಬುಟ್ಟಿ ನಡೆದುಕೊಂಡು ತೋಡಿಗೆ ನೀರು ತರಲು ಹೋಗುವುದು ಹೇಗೆ? ಗೂಬೆ ಇರಬೇಕು, ಹೆಬ್ಬೆರಳು ತಪ್ಪಿದೆ ಎಂದು ತೀರ್ಮಾನಿಸಿ, ಗೂಡೆ ಬಂದಲ್ಲೆಲ್ಲ ಗೂಬೆ ಮಾಡಿದಳು. ಅಜ್ಜಿಕತೆಯಲ್ಲಿ ಕಾಗೆ ಗುಬ್ಬಿ ಮಾತಾಡುವಾಗ ಗೂಬೆ ಕೊಡಪಾನ ಹೊರುವುದರಲ್ಲಿ ಅವಳಿಗೆ ವಿಶೇಷ ಕಾಣಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೊನೆಯ ಪುಟ ಮುಗಿಯಿತು. ಲ್ಯಾಪ್‌ಟಾಪನ್ನು ಅವಳು ಅಷ್ಟು ದಿನವೂ ಆರಿಸದೆ, ರಾತ್ರಿ ಮುಚ್ಚಳವನ್ನೂ ಹಾಕದೆ, ಒಂದು ಟವಲು ಹೊದಿಸಿ ಇಟ್ಟುಕೊಂಡಿದ್ದಳು. ನಡುನಡುವೆ ಸೇವ್ ಮಾಡುವ ಅಭ್ಯಾಸ ಅವಳಿಗಿಲ್ಲ. ಅಡುಗೆ ಮುಗಿಸಿ ಒಮ್ಮೆಗೇ ಪಾತ್ರೆ ತೊಳೆಯುವವರ ಹಾಗೆ ಕೊನೆಗೆ ಒಮ್ಮೆ ಸೇವ್ ಮಾಡುವುದು. ಹಾಗೆ ಒತ್ತಿದಳು.

ಪರದೆಯ ನಡುವೆ ಇಂಗ್ಲಿಷಿನಲ್ಲಿ ಒಂದು ಚೌಕ ಬಂತು. ನಿಧಾನವಾಗಿ ಕೂಡಿಸಿ ಓದಿದಳು. ಈ ಫೈಲು ಓದಲಿಕ್ಕೆ ಮಾತ್ರ, ಇದನ್ನು ಉಳಿಸಲಾಗುವುದಿಲ್ಲ ಎಂದಿತ್ತು. ಮತ್ತೆ ಒತ್ತಿದಳು. ಮತ್ತೆ ಅದೇ. ಒತ್ತುವುದರಲ್ಲಿ ಬಲ ಸಾಲಲಿಲ್ಲವೇನೋ ಎಂದು ಗಟ್ಟಿಯಾಗಿಯೂ ಒತ್ತಿ ನೋಡಿದಳು.

ಲತೀಶನಿಗೆ ಫೋನು ಹೋಯಿತು. ಅವನು, ವಾಟ್ಸಾಪಿನಿಂದ ನೇರ ತೆರೆದಿರಬೇಕು, ಹಾಗೆ ತೆರೆದದ್ದು ಓದಲಿಕ್ಕೆ ಮಾತ್ರ ಬರುತ್ತದೆ, ಸೇವ್ ಬೇಡ, ‘ಸೇವ್ ಆ್ಯಸ್’ ಎಂದು ಉಂಟಲ್ಲ, ಅದನ್ನು ಒತ್ತಿ ಬೇರೆ ಜಾಗಕ್ಕೆ ಹಾಕಿ ಎಂದ. ಅವಳು ಡಾಕ್ಯುಮೆಂಟ್ಸ್ ಎಂಬ ಜಾಗಕ್ಕೆ ಹಾಕಿದಳು. ಈಗ ಬೇರೆ ಚೌಕ ಬಂತು. ಈ ಹೆಸರಿನಲ್ಲಿ ಉಳಿಸಲಾಗುವುದಿಲ್ಲ, ಬೇರೆ ಹೆಸರು ಕೊಡಿ ಇಲ್ಲವೇ ಬೇರೆ ಫೋಲ್ಡರ್ ನೋಡಿ ಎಂದಿತು. ಹೆಸರೇನೋ ಉದ್ದವೇ ಇತ್ತು. ಕೊಲ್ಲಮೊಗ್ರು, ದೇರಣ್ಣ, ಅಜ್ಜಿಕತೆ, ಫೈನಲ್, ಮತ್ತೊಂದು ಫೈನಲ್, ಅದರ ಮುಂದೆ ಲೇಟೆಸ್ಟ್. ಎಲ್ಲ ಅಳಿಸಿ ಬರೇ ‘ಕತೆ’ ಎಂದು ಇಟ್ಟಳು. ಆಗಲಿಲ್ಲ. ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಇಟ್ಟಳು. ಆಗಲಿಲ್ಲ. ತೆರೆದಿದ್ದ ಬೇರೆ ಎಲ್ಲವನ್ನೂ ಮುಚ್ಚಿ ನೋಡಿ ಎಂದ ಲತೀಶ್. ಮುಚ್ಚಿದಳು. ಫೋಟೋಗಳ ಜಾಗಕ್ಕೆ ಹಾಕಿ ನೋಡಿ ಎಂದ. ಅಲ್ಲಿಗೂ ಹೋಗಲೊಲ್ಲದು. ಮಗಳು ಶಾಲೆಯಲ್ಲಿ ಪಾಠ ಮಾಡುವ ಹೊತ್ತು, ಫೋನು ಎತ್ತಲಿಲ್ಲ. ಅಳಿಯನ ಫೋನು ವ್ಯಾಪ್ತಿ ಪ್ರದೇಶದ ಹೊರಗೆ ಇತ್ತು.

ಶುಕೂರ್ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ದಮ್ಮಾಮಿನಲ್ಲಿ ಫ್ರಿಜ್ಜು ಕೈಕೊಟ್ಟಾಗ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತಿತ್ತು ಎಂದು ಹೇಳುತ್ತ ಬಟನ್ನಿನ ಕಡೆ ಕೈ ಚಾಚಿದ. ರುಕಿಯಾ ಆ ಕೈಯನ್ನು ಅರ್ಧ ದಾರಿಯಲ್ಲೇ ಹಿಡಿದಳು.

‘ಇದರ ಹತ್ತಿರ ನೀವು ಉಸಿರಾಡುದೂ ಬೇಡ’ ಎಂದಳು.

ಕೆಲಸ ಪೂರ್ತಿ ಪರದೆಯ ಮೇಲೆ ಕಣ್ಣೆದುರಿಗೇ ಇತ್ತು. ಆದರೆ ಎಲ್ಲಿಯೂ ಇರಲಿಲ್ಲ. ಲತೀಶನಿಗೆ ಪ್ರೆಸ್ಸು ಬಿಟ್ಟು ಬರುವ ಹಾಗಿಲ್ಲ, ಸಂಜೆಯೊಳಗೆ ತಿದ್ದುಪಡಿ ಹಾಕಿ ಅಚ್ಚಿಗೆ ಕೊಡದಿದ್ದರೆ ಆದಿತ್ಯವಾರಕ್ಕೆ ಪುಸ್ತಕ ಇಲ್ಲ. ನೀವೇ ಹಿಡಿದುಕೊಂಡು ಬನ್ನಿ, ಮುಚ್ಚಳ ಮುಚ್ಚಿದರೂ ಏನಾಗುವುದಿಲ್ಲ, ಅದು ಮಲಗಿಕೊಳ್ಳುತ್ತದೆ ಅಷ್ಟೇ ಎಂದು ಅವನು ಹೇಳಿದ. ರುಕಿಯಾ ನಂಬಲಿಲ್ಲ. ಮಲಗಿದ್ದು ಏಳದಿದ್ದರೆ? ಅವಳು ಬುರ್ಖಾ ಹಾಕಿಕೊಂಡು, ತೆರೆದ ಲ್ಯಾಪ್‌ಟಾಪನ್ನು ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಟಳು. ಶುಕೂರ್ ಮುಂದಿನಿಂದ ಬ್ಯಾಗು, ಕೊಡೆ ಹಿಡಿದುಕೊಂಡು ದಾರಿ ಬಿಡಿಸುತ್ತ ಕುಂಬ್ರದವರೆಗೆ ಬಂದು ಬಸ್ಸು ಹತ್ತಿಸಿದ. ನೋಡಿದವರು ಏನು ಮದುವೆ ಸೀರೆಯ ತಟ್ಟೆಯಾ ಎಂದು ಕೇಳಿದರು.

ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿತು. ಲ್ಯಾಪ್‌ಟಾಪು ಮಡಿಲಲ್ಲಿ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಪರದೆ ಕಪ್ಪಾಗುತ್ತದೆ, ಆದ್ದರಿಂದ ಅವಳು ಮಗುವಿನ ಬೆನ್ನು ಸವರುವ ಹಾಗೆ ಬೆರಳಲ್ಲಿ ಅದನ್ನು ಸವರುತ್ತಲೇ ಇದ್ದಳು. ಕಾವು ಪೇಟೆ ದಾಟುವವರೆಗೆ ಕಂಡಕ್ಟರ್ ಸಹಿತ ಎಲ್ಲರೂ ಒಮ್ಮೆ ಬಗ್ಗಿ ನೋಡಿ ಹೋದರು.

ಕನಕಮಜಲಿನಲ್ಲಿ ಒಬ್ಬಳು ಹೆಂಗಸು ಹತ್ತಿ ಪಕ್ಕದಲ್ಲಿ ಕೂತಳು. ಸುಮಾರು ರುಕಿಯಾಳದೇ ಪ್ರಾಯ. ಹೆಸರು ಸೇವಂತಿ, ಸುಳ್ಯಕ್ಕೆ ಹಲ್ಲು ತೋರಿಸಲು ಹೊರಟವಳು ಎಂಬುದೆಲ್ಲ ಟಿಕೇಟು ತೆಗೆಯುವುದರೊಳಗೇ ತಿಳಿಯಿತು. ಹಲ್ಲುನೋವಿದ್ದರೂ ಓದುವುದಕ್ಕೆ ತೊಂದರೆ ಇರಲಿಲ್ಲ. ಅವಳು ಕತ್ತು ಉದ್ದ ಮಾಡಿ ಪರದೆಯನ್ನು ಓದತೊಡಗಿದಳು. ಓದುತ್ತ ಅವಳ ಮುಖ ಅರಳಿತು.

‘ಅಕ್ಕಾ, ಇದು ನಮ್ಮ ಅರೆಭಾಷೆ ಅಲ್ವಾ? ಪುಸ್ತಕ ಮಾಡ್ತಿದ್ದೀರಾ?’

ಪುಸ್ತಕ ತನ್ನದಲ್ಲ, ತಾನು ತಪ್ಪು ತಿದ್ದುವವಳು ಎಂದು ರುಕಿಯಾ ಹೇಳಿದಳು.

‘ಹಾಗಾದ್ರೆ ಈ ಉಟ್ಟು ಅನ್ನುದಕ್ಕೆ ಯಾಕೆ ಗೀಟು ಹಾಕಿದ್ದು? ನಾವು ಹಾಗೆಯೇ ಹೇಳುದು.’

‘ಮಾತಾಡುವಾಗ ಹೇಗೂ ಮಾತಾಡುದು. ಪುಸ್ತಕ ಅಂದ ಮೇಲೆ ಸರಿ ಇರ್ಬೇಕಲ್ವಾ?’

ಸೇವಂತಿ ಕೆನ್ನೆ ಹಿಡಿದುಕೊಂಡು ಮುಂದೆ ಓದಿದಳು. ಪುಟ ಕೆಳಗೆ ಸರಿಸಲು ರುಕಿಯಾಳಿಗೆ ಸನ್ನೆ ಮಾಡಿದಳು. ಒಂದು ಕಡೆ ಬಂದು ಅವಳ ಬೆರಳು ಪರದೆಯ ಮೇಲೆ ನಿಂತಿತು.

‘ಈ ಗೂಬೆ ಎಲ್ಲಿಂದ ಬಂತು?’

ಅಲ್ಲಿ ಗೂಡೆ ಎಂದು ಬಿದ್ದಿತ್ತು, ತಾನು ಸರಿಮಾಡಿದೆ ಎಂದಳು ರುಕಿಯಾ.

‘ಗೂಡೆ ಅಂದ್ರೆ ಹುಡುಗಿ, ಮಾರಾಯ್ರೆ. ನನ್ನ ಅಜ್ಜಿ ಸಾಯುವವರೆಗೆ ನನ್ನನ್ನು ಗೂಡೆ ಅಂತಲೇ ಕರೀತಿದ್ದದ್ದು.’

ಹೇಳಿ ಮುಗಿಸಿದ ಮೇಲೆ ಸೇವಂತಿಗೆ ನಗು ಬಂತು. ನಕ್ಕರೆ ಹಲ್ಲು ನೋಯುತ್ತದೆ, ನೋಯುತ್ತದೆ ಎಂದು ನೆನಪಾದರೆ ಮತ್ತೂ ನಗು. ಕೊಡಪಾನ ಹೊತ್ತ ಗೂಬೆ, ಜಡೆ ಹೆಣೆಸಿಕೊಳ್ಳುವ ಗೂಬೆ, ಮದುವೆಗೆ ಒಪ್ಪದ ಗೂಬೆ. ಒಂದೊಂದನ್ನೇ ಓದಿ ಅವಳು ಜಾಲ್ಸೂರಿನ ತನಕ ಕೆನ್ನೆ ಒತ್ತಿಕೊಂಡು ನಕ್ಕಳು. ರುಕಿಯಾಳಿಗೆ ಮಾತ್ರ ಕಿವಿಯೆಲ್ಲ ಬಿಸಿಯಾಗಿತ್ತು.

ಜಾಲ್ಸೂರಿನಲ್ಲಿ ಕಾಸರಗೋಡಿನ ಕಡೆಯವರು ಇಳಿದು ಬಸ್ಸು ಸ್ವಲ್ಪ ಖಾಲಿಯಾಯಿತು. ಅಣ್ಣನ ಮನೆಯ ದಾರಿ ಕಿಟಕಿಯಲ್ಲಿ ಹಾದುಹೋದದ್ದೂ ಅವಳಿಗೆ ಗಮನಕ್ಕೆ ಬರಲಿಲ್ಲ. ಅಂದು ತರಗತಿಯಲ್ಲಿ ತನ್ನನ್ನು ನೋಡಿ ನಕ್ಕಾಗ ತಾನು ಬರೆದದ್ದು ತಪ್ಪಾಗಿತ್ತು. ನಕ್ಕದ್ದು ನೋವಾದರೂ ತಪ್ಪು ತನ್ನದೇ. ಆದರೆ ಈ ದೇರಣ್ಣ ಗೌಡರು ಬರೆದದ್ದು ಸರಿಯೇ ಇತ್ತು. ತನಗೆ ಗೊತ್ತಿಲ್ಲದ್ದನ್ನೆಲ್ಲ ತಪ್ಪು ಎಂದು ತಾನು ಗೀಟು ಹಾಕಿದ್ದಳು. ಗೊತ್ತಿದ್ದ ಉಟ್ಟುವಿಗೂ ಹಾಕಿದ್ದಳು, ಅದು ಇನ್ನೂ ಕಷ್ಟದ ವಿಷಯ. ಯಾಕೆ ಹಾಕಿದೆ ಎಂದು ತನ್ನನ್ನೇ ಕೇಳಿಕೊಂಡರೆ, ಯಾರಾದರೂ ನಕ್ಕಾರು ಎಂಬುದಕ್ಕಿಂತ ಬೇರೆ ಉತ್ತರ ಸಿಗಲಿಲ್ಲ.

ಸುಳ್ಯದಲ್ಲಿ ಇಳಿಯುವಾಗ ಸೇವಂತಿ ತನ್ನ ಫೋನ್ ನಂಬರು ಕೊಟ್ಟಳು, ಪುಸ್ತಕ ಆದರೆ ತನಗೊಂದು ಬೇಕು ಎಂದಳು.

ಪ್ರೆಸ್ಸಿನಲ್ಲಿ ಒಬ್ಬರು ಹಿರಿಯರು ಬಿಳಿ ಪಂಚೆ ಉಟ್ಟು, ಪುಸ್ತಕದ ರಕ್ಷಾಪುಟವನ್ನು ಬೆಳಕಿಗೆ ಹಿಡಿದು ನೋಡುತ್ತ ಕೂತಿದ್ದರು. ಯಾರೆಂದು ಲತೀಶ್ ಹೇಳಬೇಕಾಗಿರಲಿಲ್ಲ. ನಿಮ್ಮ ಪುಸ್ತಕ ನೋಡಿದ ಅಕ್ಕ ಇವರೇ ಎಂದು ಅವನು ಪರಿಚಯ ಮಾಡಿದಾಗ ದೇರಣ್ಣ ಗೌಡರು ಎದ್ದು ನಿಂತು ಕೈ ಮುಗಿದರು. ತನ್ನ ಕನ್ನಡದಲ್ಲಿ ಬಹಳ ತಪ್ಪು ಇದ್ದಿರಬೇಕು, ಶಾಲೆ ಬಿಟ್ಟ ಮೇಲೆ ಬರೆದದ್ದು ಜೀಪಿನ ಟ್ರಿಪ್ ಶೀಟು ಮಾತ್ರ ಎಂದರು. ರುಕಿಯಾ ಲ್ಯಾಪ್‌ಟಾಪು ಹಿಡಿದ ಕೈಯಲ್ಲೇ ಹೇಗೋ ಮುಗಿದ ಹಾಗೆ ಮಾಡಿದಳು.

ಲತೀಶ್ ಅದನ್ನು ಮೇಜಿನ ಮೇಲಿಟ್ಟು ವಯರು ಸಿಕ್ಕಿಸಿ ಶುರು ಮಾಡಿದ. ಮೊದಲಿಗೆ ಪೆನ್‌ಡ್ರೈವಿಗೆ ಹಾಕಲು ಹೋದ. ಪ್ರೆಸ್ಸಿನ ಪೆನ್‌ಡ್ರೈವಿನ ತುಂಬ ಯಾರದೋ ಮದುವೆಯ ವಿಡಿಯೋ ಇತ್ತು, ಜಾಗ ಇಲ್ಲ ಎಂದಿತು. ಡೆಸ್ಕ್‌ಟಾಪಿಗೆ ಹಾಕಿದ. ಆಗುವುದಿಲ್ಲ ಎಂದಿತು. ಅಷ್ಟರಲ್ಲಿ ಹೊರಗೆ ಬ್ಯಾನರಿನವರು ಕರೆದರು, ಅವನು ಎದ್ದು ಹೋದ.

ದೇರಣ್ಣ ಗೌಡರು ರಕ್ಷಾಪುಟದಲ್ಲೇ ಮುಳುಗಿದ್ದರು. ರುಕಿಯಾ ಪರದೆಯ ಎದುರು ಒಬ್ಬಳೇ. ಮೂಲೆಯ ಗುಣಿಸು ಚಿಹ್ನೆಯನ್ನು ಒತ್ತಿದರೆ, ಬದಲಾವಣೆಗಳನ್ನು ಉಳಿಸಬೇಕೇ ಎಂದು ಅದು ಕೇಳುತ್ತದೆ. ಬೇಡ ಎಂದರೆ ಮುಗಿಯಿತು. ಗೂಬೆ ಹಾರಿ ಹೋಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಬೆಳಿಗ್ಗೆಯಿಂದ ಯಾವುದು ಹೋಗಿಬಿಡುತ್ತದೋ ಎಂದು ಊರೆಲ್ಲ ಹೊತ್ತು ತಂದಿದ್ದಳೋ ಅದು ಹೋದರೆ ಸಾಕು ಎಂದು ಈಗ ಒಂದು ಕ್ಷಣ ಅನಿಸಿತು. ಬಾಣದ ಗುರುತು ಆ ಚಿಹ್ನೆಯ ಹತ್ತಿರದವರೆಗೂ ಹೋಯಿತು. ಆದರೆ ಅದರೊಳಗೆ ಹುಳಿಯಾದ ಹುಲಿಗಳೂ ಇದ್ದವಲ್ಲ. ನಿಜವಾದ ತಪ್ಪುಗಳು, ಹುಡುಕಿ ಹುಡುಕಿ ಹಿಡಿದದ್ದು. ಅದೂ ಅಲ್ಲದೆ, ಬಸ್ಸಿನಲ್ಲಿ ಹಲ್ಲುನೋವಿನ ಹೆಂಗಸಿಗೆ ಗೊತ್ತಾದದ್ದನ್ನು ಬರೆದವರಿಗೆ ಹೇಳದಿರುವುದು ಹೇಗೆ? ಅವಳು ಕೈ ಹಿಂದೆ ತೆಗೆದಳು.

ಲತೀಶ್ ವಾಪಸು ಬಂದು ಮತ್ತೊಮ್ಮೆ ಒತ್ತಿದಾಗ ಪರದೆಯ ಕೆಳಮೂಲೆಯಲ್ಲಿ ಒಂದು ಸಣ್ಣ ಪಟ್ಟಿ ಮೂಡಿ ಮಾಯವಾಯಿತು. ಬೆಳಿಗ್ಗೆಯೂ ಅದು ಬರುತ್ತಿತ್ತು, ಏನೋ ಜಾಹೀರಾತು ಎಂದುಕೊಂಡೆ ಎಂದಳು ರುಕಿಯಾ. ಅವನು ಇನ್ನೊಮ್ಮೆ ಒತ್ತಿ, ಈ ಸಲ ಅದನ್ನು ಪೂರ್ತಿ ಓದಿದ. ಅನುಮತಿ ಇಲ್ಲದ ಬದಲಾವಣೆಯನ್ನು ತಡೆಯಲಾಗಿದೆ ಎಂದಿತ್ತು. ಅವನಿಗೆ ಆಗ ಹೊಳೆಯಿತು. ಫೈಲಿನಲ್ಲಿ ದೋಷ ಇಲ್ಲ, ಹೆಸರಿನಲ್ಲೂ ಇಲ್ಲ. ಡಾಕ್ಯುಮೆಂಟ್ಸ್, ಫೋಟೋ, ಡೆಸ್ಕ್‌ಟಾಪ್ ಈ ಜಾಗಗಳಿಗೆ ಯಾರೋ ಕಾವಲು ಹಾಕಿದ್ದಾರೆ. ಕಾವಲಿನವನಿಗೆ ಪರಿಚಯ ಇಲ್ಲದ ಯಾವ ಪ್ರೋಗ್ರಾಮಿಗೂ ಅಲ್ಲಿ ಏನೂ ಇಡಲು ಬಿಡುವುದಿಲ್ಲ. ಹೋದ ವಾರವಷ್ಟೇ ಹೊಸದಾಗಿ ಅಪ್‌ಡೇಟ್ ಆದ ಪಿಡಿಎಫ್ ಪ್ರೋಗ್ರಾಮನ್ನು ಅದು ಕಳ್ಳ ಎಂದು ತಿಳಿದಿತ್ತು.

‘ಕಾವಲು ಇಲ್ಲದ ಕಡೆ ಇಡುವ’ ಎಂದು ಲತೀಶ್ ಡಿ ಡ್ರೈವಿನಲ್ಲಿ ಹೊಸ ಫೋಲ್ಡರು ಮಾಡಿ, ಅದಕ್ಕೆ ಹಾಕಿದ. ಸದ್ದಿಲ್ಲದೆ ಹೋಗಿ ಕೂತಿತು. ಮುಚ್ಚಿ ತೆರೆದು ನೋಡಿದರೆ ಗೀಟುಗಳೆಲ್ಲ ಕೆಂಪಗೆ ಇದ್ದಲ್ಲೇ ಇದ್ದವು.

ಅಷ್ಟು ಹೊತ್ತಿಗೆ ಸಫೀರನ ಫೋನೂ ಸಿಕ್ಕಿತು. ಹೌದು, ಕಾವಲು ಹಾಕಿದ್ದು ತಾನೇ, ಗೆಳೆಯನೊಬ್ಬನ ಮಗುವಿನ ಫೋಟೋಗಳೆಲ್ಲ ವೈರಸ್ಸಿನಲ್ಲಿ ಹೋದ ಮೇಲೆ ಹೆದರಿಕೆಯಾಗಿ ಹಾಕಿದ್ದು, ಆ ಲ್ಯಾಪ್‌ಟಾಪಿನಲ್ಲಿ ತಮ್ಮ ಮದುವೆಯ ಫೋಟೋ ಉಂಟಲ್ಲ ಎಂದ. ಪಿಡಿಎಫ್ ಪ್ರೋಗ್ರಾಮನ್ನು ಪರಿಚಯದವರ ಸಾಲಿಗೆ ಸೇರಿಸುವುದು ಹೇಗೆಂದು ಅವನೂ ಲತೀಶನೂ ಮಾತಾಡಿಕೊಂಡು ಸರಿ ಮಾಡಿದರು. ಲತೀಶ್ ಖುಷಿಯಲ್ಲಿ, ಇನ್ನು ಈ ತಿದ್ದುಪಡಿ ಒಂದೊಂದೇ ಹಾಕಿದರೆ ಆಯಿತು ಎಂದು ಕುರ್ಚಿ ಎಳೆದುಕೊಂಡ.

‘ಲತೀಶ್, ಹಾಕ್ಬೇಡ’ ಎಂದಳು ರುಕಿಯಾ. ‘ಗೌಡ್ರೇ, ನೀವೊಮ್ಮೆ ಈಚೆ ಬನ್ನಿ. ನಾನೊಂದು ಕೆಲಸ ಮಾಡಿದ್ದೇನೆ, ನೋಡಿ.’

ದೇರಣ್ಣ ಗೌಡರು ಕನ್ನಡಕ ಏರಿಸಿ ಬಂದು ಕೂತರು. ಅವಳು ಆ ಪುಟವನ್ನೇ ತೆರೆದುಕೊಟ್ಟಳು. ಅವರಿಗೆ ಗಟ್ಟಿಯಾಗಿ ಓದಿದರೆ ಮಾತ್ರ ತಲೆಗೆ ಹೋಗುವ ಅಭ್ಯಾಸ. ಜೀಪಿನಲ್ಲಿ ಹಿಂದೆ ಕೂತವರಿಗೂ ಕೇಳುವ ಸ್ವರ. ಗೂಬೆಯೊಂದು ಕೊಡಪಾನ ಸೊಂಟಕ್ಕೆ ಇಟ್ಟುಕೊಂಡು ತೋಡಿಗೆ ಹೊರಟಿತು, ದಾರಿಯಲ್ಲಿ ಹುಲಿ ಅಡ್ಡ ಬಂದು ಗೂಬೆಯ ಜಡೆ ಎಷ್ಟು ಚಂದ ಎಂದಿತು, ಗೂಬೆ ನಾಚಿಕೊಂಡಿತು ಎಂದು ಅವರು ತಿದ್ದುಪಡಿ ಸಮೇತ ಓದಿ ನಿಲ್ಲಿಸಿದರು. ಅವರು ಮತ್ತೊಮ್ಮೆ ಮನಸ್ಸಿನಲ್ಲೇ ಓದಿದರು. ಹೆಗಲು ಅಲುಗತೊಡಗಿತು. ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಕಣ್ಣು ಒರೆಸಿಕೊಂಡರು. ನಗುತ್ತಿದ್ದಾರೆ ಎಂದು ಖಾತ್ರಿಯಾಗಲು ರುಕಿಯಾಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ನಗು ನಿಂತ ಮೇಲೆ ಅವರು ಉಳಿದ ಗೀಟುಗಳನ್ನೂ ನೋಡುತ್ತ ಬಂದರು. ಉಟ್ಟುವಿನ ಹತ್ತಿರ ಬಂದಾಗ ಮಾತ್ರ ಮುಖ ಗಂಭೀರವಾಯಿತು.

‘ಅಕ್ಕ, ಚಿಕ್ಕಮ್ಮನಿಗೆ ಈಗ ಕಣ್ಣು ಕಾಣುದಿಲ್ಲ. ಆದಿತ್ಯವಾರ ಇದನ್ನು ಅವರಿಗೆ ಓದಿ ಹೇಳುದು. ಉಂಟು, ಹೋಗಲಿಕ್ಕೆ ಅಂತ ಓದಿದ್ರೆ ಇದು ಯಾರ ಮನೆಯ ಕತೆ ಅಂತ ಕೇಳ್ತಾರೆ ಅವರು.’

‘ನನ್ನ ಅಮ್ಮನೂ ಕೇಳ್ತಿದ್ರು’ ಎಂದಳು ರುಕಿಯಾ. ‘ಬ್ಯಾರಿಯಲ್ಲಿ ಹೇಳಿದ ಕತೆ ಕನ್ನಡದಲ್ಲಿ ಹೇಳಿದ್ರೆ ಅವರಿಗೆ ನಿದ್ದೆ ಬರ್ತಿತ್ತು.’

ಇಬ್ಬರೂ ಪಕ್ಕಪಕ್ಕದ ಸ್ಟೂಲಿನಲ್ಲಿ ಕೂತು ಮೊದಲ ಪುಟದಿಂದ ಶುರು ಮಾಡಿದರು. ಅವಳು ಗೀಟು ಹಾಕಿದ ಶಬ್ದವನ್ನು ತೋರಿಸುವುದು, ಅವರು ಇರಲಿ ಎಂದರೆ ಗೀಟು ತೆಗೆಯುವುದು, ಅಯ್ಯೋ ಇದು ನನ್ನ ಬೆರಳಿನ ತಪ್ಪು ಎಂದರೆ ಬಿಡುವುದು. ಹೀಗೆ ನೋಡುತ್ತ ಹೋದರೆ ಅವರ ನಿಜವಾದ ತಪ್ಪುಗಳೂ ಧಾರಾಳ ಇದ್ದವು. ಹುಳಿಗಳೆಲ್ಲ ಹುಲಿಯಾದವು. ಒಂದು ಕತೆಯಲ್ಲಿ ಮುದುಕನ ಹೆಸರು ನಡುವಿನಲ್ಲಿ ಬದಲಾಗಿಬಿಟ್ಟಿದ್ದನ್ನು ಅವಳು ಹಿಡಿದದ್ದಕ್ಕೆ ಗೌಡರಿಗೆ ಬಹಳ ಆಶ್ಚರ್ಯವಾಯಿತು. ಒಂದೆರಡು ಶಬ್ದ ಹೇಗೆ ಬರೆಯಬೇಕೆಂದು ಅವರಿಗೇ ಅನುಮಾನ ಬಂದಾಗ ರುಕಿಯಾ, ನೀವು ಹೇಳಿ, ನಾನು ಕೇಳಿ ಬರೆಯುತ್ತೇನೆ ಎಂದಳು. ಅವರು ಹೇಳಿದರು. ಅವಳು ಕಿವಿಗೊಟ್ಟು, ಇನ್ನೊಮ್ಮೆ ಹೇಳಿಸಿ, ಬರೆದಳು. ಪ್ರತಿ ಪುಟ ಮುಗಿದಾಗಲೂ ತಪ್ಪದೆ ಸೇವ್ ಒತ್ತಿದಳು. ಲತೀಶ್ ಎದುರಿನ ಹೋಟೆಲಿನಿಂದ ಗೋಳಿಬಜೆ ತರಿಸಿದ. ಸಂಜೆ ಅವಳು ಕುಂಬ್ರದ ಬಸ್ಸು ಹತ್ತುವಾಗ ಪುಸ್ತಕ ಅಚ್ಚಿಗೆ ಹೋಗಿತ್ತು. ಲ್ಯಾಪ್‌ಟಾಪು ಮುಚ್ಚಿಕೊಂಡು ಬ್ಯಾಗಿನೊಳಗಿತ್ತು.

ಆದಿತ್ಯವಾರ ಫೌಝಿಯಾ ಮತ್ತು ಸಫೀರ್ ಕಡಬದಿಂದ ಕಾರು ತಂದು ಅವಳನ್ನೂ ಶುಕೂರನನ್ನೂ ಕೊಲ್ಲಮೊಗ್ರಿಗೆ ಕರೆದುಕೊಂಡು ಹೋದರು. ಅಳಿಯ ದಾರಿಯುದ್ದಕ್ಕೂ ಕ್ಷಮೆ ಕೇಳುತ್ತಿದ್ದ. ಕಾವಲು ಒಳ್ಳೆಯದೇ, ಅದು ತೆಗೆಯುವುದು ಬೇಡ, ಮನೆಯವರ ಪರಿಚಯ ಮಾಡಿಸಿದರೆ ಆಯಿತು ಎಂದಳು ರುಕಿಯಾ.

ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ. ದುಗ್ಗಮ್ಮನನ್ನು ಎದುರಿನ ಸಾಲಿನ ಕೈಕುರ್ಚಿಯಲ್ಲಿ ಕೂರಿಸಿದ್ದರು. ಒಬ್ಬ ಹುಡುಗಿ ಬಂದು ಆ ಹುಲಿಯ ಕತೆಯನ್ನು ಓದಿದಳು. ಮುದುಕಿ ಮೊದಲು ತಲೆ ತಗ್ಗಿಸಿ ಕೇಳುತ್ತಿದ್ದವಳು, ಗೂಡೆ ಬಾಯಿ ತೆರೆದು ಮಾತಾಡಿದಲ್ಲಿ ತಲೆ ಎತ್ತಿದಳು. ಮತ್ತೆ ಹುಲಿಯ ಮಾತು ಬರುವಾಗ ಓದುವ ಹುಡುಗಿಗಿಂತ ಒಂದು ಹೆಜ್ಜೆ ಮುಂದೆ ತಾನೇ ಹೇಳತೊಡಗಿದಳು. ಹುಡುಗಿ ಜಾಣೆ, ಮೈಕನ್ನು ತಂದು ಅವಳ ಬಾಯಿಯ ಹತ್ತಿರ ಹಿಡಿದಳು. ಉಳಿದ ಕತೆಯನ್ನು ದುಗ್ಗಮ್ಮನೇ ಹೇಳಿ ಮುಗಿಸಿದಳು. ಪುಸ್ತಕದಲ್ಲಿ ಇದ್ದದ್ದಕ್ಕಿಂತ ಸ್ವಲ್ಪ ಬೇರೆಯೇ ಮುಗಿಯಿತು. ಯಾವುದೂ ಕಾಣದ ಆ ಕಣ್ಣು ಇಡೀ ಸಭೆಯನ್ನು ನೋಡುತ್ತಿರುವ ಹಾಗೆ ರುಕಿಯಾಳಿಗೆ ತೋರಿತು. ಪಕ್ಕದಲ್ಲಿ ಶುಕೂರ್ ಮೂಗು ಒರೆಸಿಕೊಳ್ಳುತ್ತಿದ್ದ.

ಆಮೇಲೆ ದೇರಣ್ಣ ಗೌಡರು ಅವಳ ಹೆಸರು ಕರೆದು ವೇದಿಕೆಗೆ ಹತ್ತಿಸಿದರು. ಅಕ್ಷರ ನೋಡಿಕೊಟ್ಟ ಅಕ್ಕ ಎಂದು ಮಾತ್ರ ಹೇಳಿದರು, ಗೂಬೆಯ ಸುದ್ದಿ ಎತ್ತಲಿಲ್ಲ. ಶಾಲು ಹೊದಿಸುವಾಗ ಫೋಟೋಕ್ಕೆಂದು ಎಲ್ಲರೂ ತಿರುಗಿ ನಿಂತರು. ರುಕಿಯಾಳ ಕಣ್ಣಿಗೆ ಹಿಂದಿನ ಬ್ಯಾನರು ಬಿತ್ತು. ಅದು ಲತೀಶನ ಪ್ರೆಸ್ಸಿನದ್ದಲ್ಲ, ಯಾರೋ ಊರಿನ ಉತ್ಸಾಹಿಗಳು ಮಾಡಿಸಿದ್ದು. ಆಳೆತ್ತರದ ಅಕ್ಷರದಲ್ಲಿ ‘ಪುಸ್ತಕ ಬಿಡುಗಡ್ಡೆ’ ಎಂದಿತ್ತು. ಅವಳು ಇನ್ನೊಮ್ಮೆ ಓದಿದಳು. ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡಳು. ಆದರೂ ತಡೆಯಲಾಗಲಿಲ್ಲ. ಗೌಡರ ಕಡೆ ವಾಲಿ, ಬಿಡುಗಡ್ಡೆ ಅಂತ ಅರೆಭಾಷೆಯಲ್ಲಿ ಹೇಳುದುಂಟಾ ಎಂದು ಪಿಸುದನಿಯಲ್ಲಿ ಕೇಳಿದಳು.

ದೇರಣ್ಣ ಗೌಡರು ಕನ್ನಡಕ ಏರಿಸಿ, ನಿಧಾನವಾಗಿ ತಿರುಗಿ ಬ್ಯಾನರನ್ನು ನೋಡಿದರು.

‘ಇಲ್ಲ ಅಕ್ಕ’ ಎಂದರು. ‘ಅದು ತಪ್ಪೇ.’

ರುಕಿಯಾಳಿಗೆ ಬಹಳ ಸಮಾಧಾನವಾಯಿತು.